ಲಕ್ಷಣ ಇಲ್ಲದವರೂ ಲೈಂಗಿಕ ಸೋಂಕಿನ ಟೆಸ್ಟ್ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಹೊಸ ಸಂಬಂಧ. ಇಬ್ಬರಿಗೂ ಹಿಂದೆ ಬೇರೆ ಸಂಗಾತಿಗಳಿದ್ದರು. ಕಾಂಡೋಮ್ ಬಿಡುವ ಮೊದಲು ಇಬ್ಬರೂ ಟೆಸ್ಟ್ ಮಾಡಿಸೋಣ ಎಂದೆ. "ಉರಿ ಇಲ್ಲ, ಗುಳ್ಳೆ ಇಲ್ಲ, ಸುಮ್ನೆ ಯಾಕೆ?" ಅನ್ನುತ್ತಿದ್ದಾರೆ. ಏನೇನು ಟೆಸ್ಟ್ ಇರುತ್ತೆ, ಯಾವಾಗ ಹೋಗಬೇಕು?

ಉತ್ತರ: ನನಗೂ ಏನೂ ತೊಂದರೆ ಇರಲಿಲ್ಲ. ಟೆಸ್ಟ್‌ನಲ್ಲಿ ಕ್ಲಮೀಡಿಯಾ ಬಂತು! ಈ ಸೋಂಕು ಇರುವುದು ಹೆಚ್ಚಿನ ಹೆಂಗಸರಿಗೆ ಗೊತ್ತೇ ಆಗುವುದಿಲ್ಲ, ಗಂಡಸರಲ್ಲೂ ಸುಮಾರು ಅರ್ಧದಷ್ಟು ಜನರ ಕಥೆ ಅದೇ. ಆದರೆ ಒಳಗೊಳಗೇ ಗರ್ಭನಾಳಕ್ಕೆ ಹರಡಿದರೆ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು. ಚಿಕಿತ್ಸೆ ನೋಡಿದರೆ ತೀರಾ ಸುಲಭ, 7 ದಿನ ಡಾಕ್ಸಿಸೈಕ್ಲಿನ್ ಮಾತ್ರೆ (ಬಸುರಿಯಾಗಿದ್ದರೆ ಮೊದಲೇ ಹೇಳಿ, ಮಾತ್ರೆ ಬೇರೆ ಕೊಡುತ್ತಾರೆ). ಸಂಗಾತಿಗೂ ಚಿಕಿತ್ಸೆ ಆಗಲೇಬೇಕು, ಇಲ್ಲದಿದ್ದರೆ ಅದು ಮತ್ತೆ ನಿಮಗೇ ವಾಪಸ್. 3 ತಿಂಗಳಿಗೆ ಇನ್ನೊಮ್ಮೆ ಟೆಸ್ಟ್ ಮಾಡಿಸಲು ಹೇಳಿದರು. ಪಾಸಿಟಿವ್ ಬಂದರೆ ಯಾರಿಂದ ಬಂತು ಅಂತ ತನಿಖೆಗೆ ಇಳಿಯಬೇಡಿ. ತಿಂಗಳುಗಟ್ಟಲೆ ಸದ್ದಿಲ್ಲದೆ ಕೂರುವ ಸೋಂಕು ಇದು, ರಿಪೋರ್ಟ್ ನೋಡಿ ಅದನ್ನು ಹೇಳಲಾಗುವುದಿಲ್ಲ.

ಉತ್ತರ: ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿಗೆ ರಕ್ತ ತೆಗೆಯುತ್ತಾರೆ. ಕ್ಲಮೀಡಿಯಾ, ಗೊನೊರಿಯಾಕ್ಕೆ ಗಂಡಸರು ಮೂತ್ರ ಕೊಡುತ್ತಾರೆ, ಹೆಂಗಸರಿಗೆ ಯೋನಿಯ ಸ್ವಾಬ್ ಒಳ್ಳೆಯದು. ಎಷ್ಟೋ ಕಡೆ ಸ್ವಾಬ್ ನಾವೇ ತೆಗೆದುಕೊಳ್ಳಬಹುದು. ಕಡ್ಡಿಯನ್ನು ಒಳಗೆ ನಾಲ್ಕಾರು ಸುತ್ತು ತಿರುಗಿಸಿ, ಟ್ಯೂಬಿಗೆ ಹಾಕಿ ಮುಚ್ಚಳ ಬಿಗಿದರೆ ಆಯಿತು, ನೋವಿಲ್ಲ. ಮೂತ್ರ ಕೊಡುವವರು ಒಂದು ಗಂಟೆ ಮೊದಲಿಂದ ತಡೆದುಕೊಂಡಿರಬೇಕು. ಬೇರೆ ಯೂರಿನ್ ಟೆಸ್ಟ್‌ಗೆ ಮೊದಲ ಧಾರೆ ಬಿಟ್ಟು ಹಿಡಿಯುತ್ತೇವೆ ಅಲ್ವಾ, ಇಲ್ಲಿ ಉಲ್ಟಾ, ಮೊದಲ ಧಾರೆಯೇ ಬೇಕು.

ಬಾಯಿ, ಗುದದ ಸಂಪರ್ಕ ಇದ್ದರೆ ಅದನ್ನೂ ಬಾಯ್ಬಿಟ್ಟು ಹೇಳಿ. ಗಂಟಲಲ್ಲಿರುವ ಗೊನೊರಿಯಾ ಮೂತ್ರದಲ್ಲಿ ಸಿಗುವುದಿಲ್ಲ, ಅಲ್ಲಿಂದಲೇ ಸ್ವಾಬ್ ತೆಗೆಯಬೇಕು. ಮುಜುಗರ ಆಗುತ್ತೆ, ನಿಜ. ಡಾಕ್ಟರಿಗೆ ಅದು ದಿನಾ ಕೇಳುವ ಮಾತು.

ಉತ್ತರ: ದಿನ ಲೆಕ್ಕ ಹಾಕಿ ಹೋಗಿ. ಕೊನೆಯ ಸಂಪರ್ಕದಿಂದ ಕ್ಲಮೀಡಿಯಾ, ಗೊನೊರಿಯಾಕ್ಕೆ 2 ವಾರ, ಎಚ್‌ಐವಿಗೆ ಲ್ಯಾಬಿನ ಆಂಟಿಜೆನ್-ಆಂಟಿಬಾಡಿ ಟೆಸ್ಟ್ (ವೈರಸ್‌ನ ಅಂಶ, ಅದರ ವಿರುದ್ಧ ದೇಹ ಮಾಡುವ ಪ್ರತಿಕಾಯ ಎರಡನ್ನೂ ಹುಡುಕುವುದು) ಆದರೆ 45 ದಿನ, ಸಿಫಿಲಿಸ್‌ಗೆ 3 ತಿಂಗಳು. ಅಷ್ಟರೊಳಗೆ ಬಂದ ನೆಗೆಟಿವ್ ನಂಬಿ ಕೂರಬೇಡಿ. ಮೊನ್ನೆ ತಾನೇ ಭಯಪಡುವಂಥದ್ದೇನಾದರೂ ಆಗಿದ್ದರೆ ಕಾಯುವ ಮಾತೇ ಇಲ್ಲ, ಇವತ್ತೇ ಹೋಗಿ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು.

ಉತ್ತರ: "ಫುಲ್ ಪ್ಯಾಕೇಜ್" ಅಂದ ಕೂಡಲೇ ಎಲ್ಲವೂ ಸೇರಿದೆ ಅಂದುಕೊಳ್ಳಬೇಡಿ, ಒಂದೊಂದೇ ಹೆಸರು ಕೇಳಿ. ಲಕ್ಷಣ ಇಲ್ಲದವರಿಗೆ ಹರ್ಪಿಸ್ (ಗುಳ್ಳೆ ಏಳಿಸುವ ವೈರಸ್ ಸೋಂಕು) ರಕ್ತಪರೀಕ್ಷೆ ಸಾಮಾನ್ಯವಾಗಿ ಮಾಡುವುದಿಲ್ಲ, ಸುಳ್ಳು ಪಾಸಿಟಿವ್ ಜಾಸ್ತಿ. ಸಿಫಿಲಿಸ್ ಗುಣವಾದ ಮೇಲೂ ಒಂದು ಬಗೆಯ ಟೆಸ್ಟ್ ಜೀವನಪೂರ್ತಿ ಪಾಸಿಟಿವ್ ತೋರಿಸಬಹುದು, ಹಾಗಾಗಿ ಹಳೆಯ ರಿಪೋರ್ಟ್ ಎಸೆಯಬೇಡಿ. ಗುಳ್ಳೆ ಇಲ್ಲ ಅನ್ನುವ ಮಾತಿಗೆ: ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನಾಗಿಯೇ ಮಾಯುತ್ತೆ, ಸೋಂಕು ಒಳಗೇ ಉಳಿಯುತ್ತೆ.

ಇನ್ನು ಸಂಗಾತಿ ವಿಷಯ. "ನೀನು ಮಾಡಿಸು" ಅಂದರೆ ಅನುಮಾನ ಪಟ್ಟ ಹಾಗೆ ಕೇಳಿಸುತ್ತೆ. "ನಾನು ಶನಿವಾರ ಮಾಡಿಸ್ತಿದ್ದೀನಿ, ಬರ್ತೀಯಾ?" ಅನ್ನಿ. ನಾನು ಕೇಳಿದ್ದೂ ಹೀಗೇ, ಜಗಳ ಆಗಲಿಲ್ಲ. ಇಬ್ಬರ ರಿಪೋರ್ಟೂ ಬರುವವರೆಗೆ ಕಾಂಡೋಮ್ ಇರಲಿ.