ಒತ್ತೊತ್ತಾಗಿ ಬೆಳೆದ ಐರಿಸ್ ಗೆಡ್ಡೆಗಳನ್ನು ಬಿಡಿಸುವುದು ಯಾವಾಗ, ಮಿಕ್ಕವನ್ನು ಹಂಚುವುದು ಹೇಗೆ?

ಪ್ರಶ್ನೆ – ಕೊಲಂಬಸ್, ಓಹಾಯೋ (ಜೂನ್ 12)

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳ ಹಿಂದೆ ನಾವು ಈ ಮನೆಯನ್ನು ಕೊಂಡಾಗ ಗ್ಯಾರೇಜಿಗೆ ಹೋಗುವ ದಾರಿಯುದ್ದಕ್ಕೂ ಹಿಂದಿನವರು ನೆಟ್ಟಿದ್ದ ಐರಿಸ್ ಗಿಡಗಳಿದ್ದವು. ನೇರಳೆ ಬಣ್ಣದ ಎತ್ತರದ ಹೂವು, ಕೆಳಗೆ ಬಾಗಿದ ಎಸಳುಗಳ ಮೇಲೆ ಹಳದಿ ರೋಮದ ಗೆರೆ. ಇಲ್ಲಿ ಬಿಯರ್ಡೆಡ್ ಐರಿಸ್ ಎನ್ನುವ ಬಗೆ. ಮೊದಲ ವರ್ಷ ಮೇ ತಿಂಗಳಿನಲ್ಲಿ ಮೂವತ್ತಕ್ಕೂ ಹೆಚ್ಚು ಹೂದಂಟುಗಳು ಎದ್ದಿದ್ದವು, ಈ ವರ್ಷ ಬಂದದ್ದು ಮೂರೇ. ಗೆಡ್ಡೆಗಳು ಶುಂಠಿಯ ಹಾಗೆ ಒಂದರ ಮೇಲೊಂದು ಏರಿಕೊಂಡಿವೆ, ಬುಡದ ನಡುಭಾಗ ಬೋಳಾಗಿದೆ.

ಸಾಗರದಿಂದ ನಮ್ಮ ಅತ್ತೆಯವರು ಬಂದಿದ್ದಾರೆ, ಆಗಸ್ಟ್ ಕೊನೆಯವರೆಗೆ ಇರುತ್ತಾರೆ. ಊರಿನಲ್ಲಿ ಡೇರೆ (ಡೇಲಿಯಾ) ಗೆಡ್ಡೆಗಳನ್ನು ಮಳೆ ಹಿಡಿಯುವ ಹೊತ್ತಿಗೆ ಬಿಡಿಸಿ ನೆಡುವುದು ಅವರಿಗೆ ರೂಢಿ, ಆದ್ದರಿಂದ ಇದನ್ನೂ ಈಗಲೇ ಅಗೆಯಬೇಕೆಂಬುದು ಅವರ ಅಭಿಪ್ರಾಯ. ಅವರೊಂದಿಗೆ ಕೂತು ಈ ಕೆಲಸ ಮಾಡಬೇಕೆಂಬುದು ನನ್ನ ಆಸೆ. ಯಾವಾಗ ಅಗೆಯಬೇಕು, ಎಲ್ಲಿ ಕತ್ತರಿಸಬೇಕು ಎಂದು ತಿಳಿದವರು ಹೇಳಬೇಕು. ನಮಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಗೆಡ್ಡೆಗಳು ಮಿಗುತ್ತವೆ. ಕನ್ನಡ ಕೂಟದ ಕೆಲವರೂ ಪಕ್ಕದ ಮನೆಯವರೂ ಕೇಳಿದ್ದಾರೆ, ಅತ್ತೆಯವರಿಗೆ ಎರಡನ್ನು ಸಾಗರಕ್ಕೆ ಒಯ್ಯುವ ಮನಸ್ಸಿದೆ.

ಉತ್ತರ 1 – ನೇಪರ್‌ವಿಲ್, ಇಲಿನಾಯ್ (ಜೂನ್ 13)

ನಿಮ್ಮ ಅತ್ತೆಯವರು ಡೇರೆಯ ಬಗ್ಗೆ ಹೇಳುವುದು ಸರಿ, ಆದರೆ ಐರಿಸ್‌ನ ಸ್ವಭಾವವೇ ಬೇರೆ. ಹೂ ಮುಗಿದ ಆರರಿಂದ ಎಂಟು ವಾರಗಳ ನಂತರ, ಅಂದರೆ ನಿಮ್ಮಲ್ಲಿ ಜುಲೈ ನಡುವಿನಿಂದ ಆಗಸ್ಟ್ ಕೊನೆಯ ಒಳಗೆ, ನೆಲ ಒಣಗಿ ಬಿಸಿಲು ಕಾಯುವಾಗ ಇದನ್ನು ಬಿಡಿಸಬೇಕು. ಈಗ ಅದು ಹೊಸ ಬೇರು ಬಿಡುತ್ತಾ ಮುಂದಿನ ವರ್ಷದ ಹೂವಿಗೆ ಸಿದ್ಧವಾಗುತ್ತಿದೆ. ತೀರಾ ತಡಮಾಡುವುದೂ ತಪ್ಪು, ಏಕೆಂದರೆ ನೆಟ್ಟ ಗೆಡ್ಡೆ ಗಟ್ಟಿ ಹಿಮ ಬೀಳುವ ಮೊದಲು ಬೇರೂರಲು ಕನಿಷ್ಠ ಆರು ವಾರ ಬೇಕು.

ಹೂ ಕಡಿಮೆಯಾದದ್ದೇಕೆ ಎಂಬುದನ್ನು ಬಾಳೆಯ ಬುಡದಿಂದ ಅರ್ಥ ಮಾಡಿಕೊಳ್ಳಬಹುದು. ಗೊನೆ ಹಾಕಿದ ಬಾಳೆ ಮತ್ತೆ ಗೊನೆ ಹಾಕುವುದಿಲ್ಲ, ಅದರ ಕಂದುಗಳು ಸಂಸಾರವನ್ನು ಮುಂದುವರಿಸುತ್ತವೆ. ಹಾಗೆಯೇ ಐರಿಸ್‌ನ ಒಂದು ಗೆಡ್ಡೆ ಹೂ ಬಿಡುವುದು ಒಮ್ಮೆ ಮಾತ್ರ, ಆಮೇಲೆ ಅದರ ಪಕ್ಕಗಳಲ್ಲಿ ಹುಟ್ಟಿದ ಮರಿಗಳು ಹೂ ಬಿಡುತ್ತವೆ. ಬಾಳೆಯಲ್ಲಾದರೆ ಹಳೆಯ ದಿಂಡನ್ನು ನಾವು ಕಡಿದು ತೆಗೆಯುತ್ತೇವೆ. ಇಲ್ಲಿ ಹಳೆಯ ಗೆಡ್ಡೆಗಳು ನಡುವೆ ಹಾಗೇ ಉಳಿದು ಜಾಗ ಹಿಡಿಯುತ್ತವೆ, ಮರಿಗಳು ಹೊರಹೊರಗೆ ಸರಿದು ಕೊನೆಗೆ ಒಂದನ್ನೊಂದು ಒತ್ತುತ್ತವೆ. ಮೂರರಿಂದ ಐದು ವರ್ಷಗಳಿಗೊಮ್ಮೆ ಬಿಡಿಸಬೇಕಾಗುವುದು ಇದಕ್ಕಾಗಿಯೇ.

ಗುದ್ದಲಿಯನ್ನು ಬುಡಕ್ಕೆ ಹಾಕಬೇಡಿ. ಫೋರ್ಕಿನಿಂದ ದೂರದಲ್ಲಿ ಮೀಟಿ ಇಡೀ ಗುಂಪನ್ನು ಎತ್ತಿ ಮಣ್ಣು ಕೊಡವಿ. ಎಲ್ಲಿ ಮರಿ ತಾಯಿಗೆ ಅಂಟಿಕೊಂಡಿದೆಯೋ ಅಲ್ಲಿ ಹರಿತವಾದ ಚಾಕುವಿನಿಂದ ಕತ್ತರಿಸಿ. ಪ್ರತಿ ತುಂಡಿನಲ್ಲೂ ಗಟ್ಟಿಯಾದ ಗೆಡ್ಡೆ, ಕೆಲವು ಬಿಳಿ ಬೇರುಗಳು ಮತ್ತು ಬೀಸಣಿಗೆಯಂತೆ ಹರಡಿದ ಒಂದು ಎಲೆಗೊಂಚಲು ಇರಲೇಬೇಕು. ಎಲೆಗಳನ್ನು ಸುಮಾರು 15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಬೇರು ಕಡಿಮೆಯಾದ ಗಿಡ ಅಷ್ಟು ಎಲೆಗಳಿಗೆ ನೀರು ಒದಗಿಸಲಾರದು.

ನೆಡುವಾಗ ನಮ್ಮವರು ಮಾಡುವ ದೊಡ್ಡ ತಪ್ಪೆಂದರೆ ಅರಿಶಿನದಂತೆ ಆಳಕ್ಕೆ ಹೂಳುವುದು. ನಾನೂ ಮೊದಲ ಸಲ ಹಾಗೆ ಮಾಡಿ ಎರಡು ವರ್ಷ ಬರೀ ಎಲೆ ನೋಡಿದ್ದೇನೆ. ಗುಂಡಿಯ ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಅದರ ಮೇಲೆ ಗೆಡ್ಡೆಯನ್ನಿಟ್ಟು, ಬೇರುಗಳನ್ನು ಎರಡೂ ಕಡೆಗೆ ಇಳಿಬಿಟ್ಟು ಮುಚ್ಚಬೇಕು, ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣುತ್ತಿರಬೇಕು. ಗಿಡದಿಂದ ಗಿಡಕ್ಕೆ 30ರಿಂದ 45 ಸೆಂಟಿಮೀಟರ್ ಅಂತರವಿರಲಿ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದಿದ್ದರೆ ಎಷ್ಟು ಬಿಡಿಸಿದರೂ ಪ್ರಯೋಜನವಿಲ್ಲ. ನಿಮ್ಮ ದಾರಿಯ ಪಕ್ಕದಲ್ಲಿ ಹುಲ್ಲುಹಾಸಿದ್ದರೆ, ಅದಕ್ಕೆ ಹಾಕುವ ಸಾರಜನಕದ ಗೊಬ್ಬರ ಐರಿಸ್‌ಗೆ ತಾಗದಂತೆ ನೋಡಿಕೊಳ್ಳಿ. ಅದು ಎಲೆಯನ್ನು ಕೊಬ್ಬಿಸುತ್ತದೆ, ಕೊಳೆರೋಗವನ್ನೂ ಕರೆಯುತ್ತದೆ.

ಉತ್ತರ 2 – ಪಿಟ್ಸ್‌ಬರ್ಗ್, ಪೆನ್ಸಿಲ್ವೇನಿಯಾ (ಜೂನ್ 13)

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಬರೆಯುತ್ತಿರುವುದು ಹಂಚುವ ವಿಷಯದಲ್ಲಿ. ಕೆಲವು ವರ್ಷಗಳ ಹಿಂದೆ ಸ್ನೇಹಿತೆಯೊಬ್ಬರಿಗೆ ಪರೀಕ್ಷಿಸದೆ ಹತ್ತು ಗೆಡ್ಡೆ ಕೊಟ್ಟೆ, ಅವುಗಳೊಂದಿಗೆ ಐರಿಸ್ ಬೋರರ್ ಹುಳುವನ್ನೂ ಕೊಟ್ಟಿದ್ದೆ. ಅವರ ತಾಯಿಯ ಕಾಲದಿಂದ ಇದ್ದ ಬಿಳಿ ಐರಿಸ್‌ಗಳೂ ಅದರಿಂದ ಹಾಳಾದವು. ಆ ನೋವು ನನ್ನನ್ನು ಇನ್ನೂ ಬಿಟ್ಟಿಲ್ಲ.

ಈ ಹುಳುವಿನ ಪತಂಗ ಶರತ್ಕಾಲದಲ್ಲಿ ಒಣಗಿದ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ. ವಸಂತದಲ್ಲಿ ಹುಟ್ಟಿದ ಮರಿ ಎಲೆಯೊಳಗೆ ಕೊರೆಯುತ್ತಾ ಇಳಿದು ಬೇಸಿಗೆಯ ಮಧ್ಯದ ಹೊತ್ತಿಗೆ ಗೆಡ್ಡೆಯನ್ನು ಟೊಳ್ಳು ಮಾಡುತ್ತದೆ. ನೀವು ಅಗೆಯುವ ಸಮಯಕ್ಕೆ ಅದು ತಿಳಿಗುಲಾಬಿ ಮೈ, ಕಂದು ತಲೆಯ ದಪ್ಪ ಹುಳುವಾಗಿ ಒಳಗೇ ಸಿಗಬಹುದು. ಅದು ಕೊರೆದ ದಾರಿಯಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಸೇರಿದರೆ ಗೆಡ್ಡೆ ಮೆತ್ತಗಾಗಿ ಕೆಟ್ಟ ವಾಸನೆ ಬರುತ್ತದೆ. ಆದ್ದರಿಂದ ಪ್ರತಿ ಗೆಡ್ಡೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಚಾಕುವನ್ನು ಪ್ರತಿ ಗಿಡದ ನಂತರ ಅದರಲ್ಲಿ ಅದ್ದಿ. ಕೆಲವರು ಎಲ್ಲ ಗೆಡ್ಡೆಗಳನ್ನೂ ಅದರಲ್ಲಿ ಮುಳುಗಿಸುತ್ತಾರೆ. ಆರೋಗ್ಯವಾಗಿರುವುದಕ್ಕೆ ಅದು ಬೇಕಿಲ್ಲ, ಕತ್ತರಿಸಿದ ಬಾಯಿ ಒಂದೆರಡು ದಿನ ಗಾಳಿಯಲ್ಲಿ ಒಣಗಿದರೆ ಸಾಕೆಂಬುದು ನನ್ನ ಅನುಭವ. ಅನುಮಾನವಿರುವುದನ್ನು ಯಾರಿಗೂ ಕೊಡಬೇಡಿ, ಕಾಂಪೋಸ್ಟಿಗೂ ಹಾಕಬೇಡಿ, ಕಸಕ್ಕೆ ಹಾಕಿ.

ಕೊಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಕೊಳೆಯುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಾಗದದ ಚೀಲದಲ್ಲಿಟ್ಟರೆ ನೆರಳಿನಲ್ಲಿ ಎರಡು ವಾರ ಕೆಡುವುದಿಲ್ಲ. ಎಲೆಯ ಮೇಲೆಯೇ ಮಾರ್ಕರ್‌ನಿಂದ ಹೂವಿನ ಬಣ್ಣ, ಎತ್ತರ ಬರೆಯಿರಿ. ತಳಿಯ ಹೆಸರು ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ, ಗೊತ್ತಿಲ್ಲವೆಂದೇ ಹೇಳಿ. ಒಬ್ಬರಿಗೆ ಒಂದೇ ಗೆಡ್ಡೆ ಕೊಡುವುದಕ್ಕಿಂತ ಮೂರು ಕೊಟ್ಟರೆ, ಮೂರನ್ನೂ ತ್ರಿಕೋನದಲ್ಲಿ ಎಲೆಗಳು ಹೊರಮುಖವಾಗುವಂತೆ ನೆಟ್ಟು ಬೇಗ ಗುಂಪು ಕಟ್ಟಿಕೊಳ್ಳಬಹುದು.

ಉತ್ತರ 3 – ಶಿರಸಿ (ಜೂನ್ 14)

ನಿಮ್ಮ ಅತ್ತೆಯವರ ಮಾತು ಓದಿ ಸಂತೋಷವಾಯಿತು. ನಮ್ಮಲ್ಲಿ ಡೇರೆ ಗೆಡ್ಡೆಗೆ ಹಣ ಕೊಟ್ಟವರು ಕಡಿಮೆ. ನೆಂಟರ ಮನೆಗೆ ಹೋದವರು ಬಣ್ಣ ನೋಡಿ ಹೇಳಿಟ್ಟು, ಮುಂದಿನ ಮಳೆಗಾಲಕ್ಕೆ ತರುತ್ತಾರೆ. ಅವರಿಗೆ ಒಂದು ವ್ಯತ್ಯಾಸ ತೋರಿಸಿ. ಡೇರೆಯಲ್ಲಿ ಕಣ್ಣಿರುವುದು ಗೆಡ್ಡೆಯ ಮೇಲಲ್ಲ, ಹಳೆಯ ಕಾಂಡ ಸೇರುವ ಕುತ್ತಿಗೆಯಲ್ಲಿ. ಆ ತುಣುಕಿಲ್ಲದ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ಐರಿಸ್‌ನಲ್ಲಿ ಎಲೆಗೊಂಚಲೇ ಆ ಕಣ್ಣಿನ ಜಾಗದಲ್ಲಿದೆ ಎಂದರೆ ಅವರು ನಿಮಗಿಂತ ಚೆನ್ನಾಗಿ ಕತ್ತರಿಸಿಯಾರು.

ಸಾಗರಕ್ಕೆ ಮಾತ್ರ ಕಳುಹಿಸಬೇಡಿ. ಆಮದು ಪರವಾನಗಿ ಮತ್ತು ಅಲ್ಲಿಯ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಗೆಡ್ಡೆಗಳನ್ನು ಭಾರತದೊಳಗೆ ತರುವಂತಿಲ್ಲ. ಮೇಲೆ ಹೇಳಿದ ಹುಳುವಿನ ಕಥೆಯೇ ಆ ನಿಯಮಕ್ಕೆ ಕಾರಣ ತಿಳಿಸುತ್ತದೆ. ತಂದರೂ ನಮ್ಮ ಮಳೆಯಲ್ಲಿ ಅದು ಉಳಿಯಲಾರದು, ಹೂವಿಗೆ ಬೇಕಾದ ಚಳಿಯೂ ಇಲ್ಲಿಲ್ಲ. ಐರಿಸ್‌ಗೆ ಕಾಶ್ಮೀರ ಒಗ್ಗುತ್ತದೆ, ಅಲ್ಲಿ ಸ್ಮಶಾನಗಳಲ್ಲಿ ಸಮಾಧಿಗಳ ಮೇಲೆ ಅದನ್ನು ನೆಡುವ ಪದ್ಧತಿ ಇದೆ. ಅತ್ತೆಯವರು ಊರಿಗೆ ಬಂದ ಮೇಲೆ ವಾಕಿಂಗ್ ಐರಿಸ್ ಹುಡುಕಲಿ. ಅದರ ಹೂ ಒಂದೇ ದಿನದ್ದಾದರೂ, ಹೂದಂಟಿನ ತುದಿಯಲ್ಲಿ ಮರಿ ಹುಟ್ಟಿ, ಭಾರಕ್ಕೆ ನೆಲಕ್ಕೆ ಬಾಗಿ ಬೇರೂರುತ್ತದೆ. ಆ ಮರಿಯನ್ನೇ ಬಿಡಿಸಿ ಕೊಡಬಹುದು. ನಮ್ಮ ಅಂಗಳದಲ್ಲಿ ಬೇಕಾದಷ್ಟಿದೆ.

ಪ್ರಶ್ನೆ ಕೇಳಿದವರಿಂದ – ಕೊಲಂಬಸ್ (ಆಗಸ್ಟ್ 10)

ಎಲ್ಲರಿಗೂ ಕೃತಜ್ಞತೆಗಳು. ಕಳೆದ ವಾರಾಂತ್ಯ ಅಗೆದೆವು. ಐವತ್ತೆಂಟು ಒಳ್ಳೆಯ ತುಂಡುಗಳು ಸಿಕ್ಕವು. ಏಳರಲ್ಲಿ ಹುಳುವಿತ್ತು, ಇನ್ನು ನಾಲ್ಕು ಕೊಳೆತಿದ್ದವು. ಹನ್ನೊಂದನ್ನೂ ಕಸಕ್ಕೆ ಹಾಕಿದೆವು. ಹುಳು ಇರುವ ಗೆಡ್ಡೆಯನ್ನು ಒತ್ತಿ ಹೇಳುವುದರಲ್ಲಿ ಅತ್ತೆಯವರ ಬೆರಳು ನನ್ನದಕ್ಕಿಂತ ಚುರುಕು, ಕತ್ತರಿಸುವ ಕೆಲಸವನ್ನೂ ಅವರೇ ಮಾಡಿದರು. ಹದಿನೆಂಟನ್ನು ನಮ್ಮಲ್ಲಿ ನೆಟ್ಟೆವು, ಉಳಿದವನ್ನು ಮೂರು ಮೂರರಂತೆ ಸುತ್ತಿಟ್ಟಿದ್ದೇವೆ. ಪಕ್ಕದ ಮನೆಯವರು ತಮ್ಮ ಪಾಲು ಒಯ್ದರು, ಕೂಟದವರಿಗೆ ಶನಿವಾರ ಕೊಡುತ್ತೇವೆ. ಪ್ರತಿ ಪೊಟ್ಟಣದೊಳಗೆ ಒಂದು ಚೀಟಿ ಇಟ್ಟಿದ್ದೇವೆ, ಅತ್ತೆಯವರ ಅಕ್ಷರದಲ್ಲಿ: ನೇರಳೆ, ಎತ್ತರ, ಹೆಸರು ಗೊತ್ತಿಲ್ಲ, ಬೆನ್ನು ಮುಚ್ಚಬೇಡಿ.

ಶಿರಸಿಯವರಿಗೆ ಒಂದು ವಿನಂತಿ. ಸೆಪ್ಟೆಂಬರ್‌ನಲ್ಲಿ ಅತ್ತೆಯವರು ಸಾಗರಕ್ಕೆ ಮರಳಿದ ಮೇಲೆ ನಿಮ್ಮ ಮನೆಗೆ ಬಂದು ವಾಕಿಂಗ್ ಐರಿಸ್‌ನ ಎರಡು ಮರಿಗಳನ್ನು ಒಯ್ಯಬಹುದೇ? ಪ್ರತಿಯಾಗಿ ತಮ್ಮ ಹಳದಿ ಡೇರೆಯ ಗೆಡ್ಡೆಯನ್ನು ಕೊಡುವುದಾಗಿ ಹೇಳಿದ್ದಾರೆ.