ಹಾರ್ಡ್ ಡಿಸ್ಕ್: ಒಂದು ಕಡೆ ‘ಕಾಷನ್’, ಇನ್ನೊಂದು ಕಡೆ ‘ಪಾಸ್ಡ್’. ಯಾವುದನ್ನು ನಂಬುವುದು?

ಪ್ರಶ್ನೆ
ಡೆಸ್ಕ್‌ಟಾಪ್‌ನಲ್ಲಿ 2 ಟಿಬಿ ಸಾಟಾ ಹಾರ್ಡ್ ಡಿಸ್ಕ್ ಇದೆ, ಸೀಗೇಟ್‌ನದು. ವಿಂಡೋಸ್‌ನಲ್ಲಿ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳದಿ ಬಣ್ಣದಲ್ಲಿ ‘ಕಾಷನ್’ ತೋರಿಸುತ್ತದೆ. ಅದೇ ಡಿಸ್ಕನ್ನು ಲಿನಕ್ಸ್‌ನಲ್ಲಿ ಅದೇ ಕೆಲಸ ಮಾಡುವ ಸ್ಮಾರ್ಟ್‌ಸಿಟಿಎಲ್‌ನಲ್ಲಿ ನೋಡಿದರೆ ‘ಪಾಸ್ಡ್’. ವಿಂಡೋಸ್‌ನಲ್ಲಿ ಕಾಣುವ ರಾ ವ್ಯಾಲ್ಯೂ (ಪ್ರತಿ ಸಂಕೇತದ ಮುಂದೆ ಡಿಸ್ಕ್ ತಾನೇ ಇಡುವ ಎಣಿಕೆ): 05ಕ್ಕೆ 0, ಸಿ5ಕ್ಕೆ 10, ಸಿ6ಕ್ಕೆ 10, ಸಿ7ಕ್ಕೆ 3ಎ. 01ರ ಮುಂದೆ ಬಹಳ ಉದ್ದದ ಸಂಖ್ಯೆ. ಕೆಲವು ಫೈಲ್ ತೆರೆದರೆ ಕಂಪ್ಯೂಟರ್ ಅರ್ಧ ನಿಮಿಷ ಅಲ್ಲಾಡುವುದಿಲ್ಲ. ತಪ್ಪು ಹುಡುಕಿ ತಿದ್ದುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಲೇ?

ಉತ್ತರ 1
ಚೆಕ್‌ಡಿಸ್ಕ್ ಸದ್ಯಕ್ಕೆ ಬೇಡ. ‘/ಆರ್’ ಹಾಕಿ ಓಡಿಸಿದರೆ ಅದು ಇಡೀ ಡಿಸ್ಕನ್ನು ಓದಿಸುವುದಷ್ಟೇ ಅಲ್ಲ, ಸಿಕ್ಕ ತಪ್ಪನ್ನು ಅದೇ ಡಿಸ್ಕಿನ ಮೇಲೆ ತಿದ್ದಿ ಬರೆಯುತ್ತದೆ. ನಕಲು ಕೈಗೆ ಬರುವ ಮೊದಲು ಈ ಡಿಸ್ಕಿಗೆ ಒಂದು ಅಕ್ಷರವನ್ನೂ ಬರೆಯಬೇಡಿ.

ಎರಡು ತಂತ್ರಾಂಶಗಳೂ ಸರಿಯಾಗಿಯೇ ಹೇಳುತ್ತಿವೆ, ನೋಡುವ ಜಾಗ ಬೇರೆ. ‘ಪಾಸ್ಡ್’ ಎಂದರೆ ತಯಾರಕರು ಇಟ್ಟ ಕನಿಷ್ಠ ಮಿತಿಗಿಂತ ಡಿಸ್ಕ್ ಕೆಳಗಿಳಿದಿಲ್ಲ ಎಂದಷ್ಟೇ. ಆ ಮಿತಿ ಎಷ್ಟು ಸಡಿಲವೆಂದರೆ ಹತ್ತಾರು ಸೆಕ್ಟರ್ (ಡಿಸ್ಕಿನಲ್ಲಿ ದತ್ತಾಂಶ ಇಡುವ ಚಿಕ್ಕ ಚಿಕ್ಕ ಭಾಗ) ಹೋಗಿದ್ದರೂ ‘ಪಾಸ್ಡ್’ ಬರಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ 05, ಸಿ5, ಸಿ6ರ ರಾ ವ್ಯಾಲ್ಯೂ ನೋಡಿ, ಒಂದಿದ್ದರೂ ಹಳದಿಗೆ ತಿರುಗುತ್ತದೆ. ಇಲ್ಲಿ ಹಳದಿಯನ್ನೇ ನಂಬಿ.

ನೀವು ಕೊಟ್ಟ ಅಂಕಿಗಳು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿವೆ. 10 ಎಂದರೆ 16, 3ಎ ಎಂದರೆ 58. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ರಾ ವ್ಯಾಲ್ಯೂಸ್‌ಗೆ ಹೋಗಿ ‘10 ಡೆಸ್’ ಆರಿಸಿದರೆ ಈ ಗೊಂದಲ ಇರುವುದಿಲ್ಲ.

05 ಎಂದರೆ ಕೆಟ್ಟು ಮೀಸಲು ಜಾಗಕ್ಕೆ ಬದಲಾದ ಸೆಕ್ಟರ್‌ಗಳು, ಸಿ5 ಎಂದರೆ ಓದಲು ಬಾರದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು, ಸಿ6 ಎಂದರೆ ಡಿಸ್ಕ್ ತಾನೇ ಪರೀಕ್ಷಿಸಿದಾಗ ಸರಿಪಡಿಸಲಾಗದೆ ಉಳಿದವು. ಈಗಿನ ಡಿಸ್ಕುಗಳ ನಿಜವಾದ ಸೆಕ್ಟರ್ 4096 ಬೈಟ್, ಲೆಕ್ಕ ಮಾತ್ರ 512ರಲ್ಲಿ. ಹಾಗಾಗಿ 16 ಎಂದರೆ ಬಹುಶಃ ಎರಡೇ ಜಾಗ. ಫೈಲ್ ತೆರೆಯುವಾಗ ಕಂಪ್ಯೂಟರ್ ನಿಲ್ಲುವುದೂ ಇದರಿಂದಲೇ: ಡಿಸ್ಕ್ ಆ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿದೆ. ಸಿ7ರ 58ಕ್ಕೂ ಡಿಸ್ಕಿನ ಒಳಗಿನ ತಟ್ಟೆಗಳಿಗೂ ಸಂಬಂಧವಿಲ್ಲ. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ದತ್ತಾಂಶ ಸಾಗುವಾಗ ಆದ ತಪ್ಪು ಅದು, ಹೆಚ್ಚಿನ ಸಲ ಸಾಟಾ ಕೇಬಲ್‌ನದೇ ದೋಷ. 01ರ ಉದ್ದ ಸಂಖ್ಯೆಗೆ ಹೆದರಬೇಡಿ. ಸೀಗೇಟ್ ಅದರಲ್ಲಿ ಓದಿದ ಒಟ್ಟು ಲೆಕ್ಕವನ್ನೂ ತಪ್ಪಿನ ಲೆಕ್ಕವನ್ನೂ ಒಂದೇ ಸಂಖ್ಯೆಗೆ ಸೇರಿಸಿಡುತ್ತದೆ.

ಕಂಪ್ಯೂಟರ್ ಆಫ್ ಮಾಡಿ, ಕೇಬಲ್ ಬದಲಿಸಿ, ಸಾಧ್ಯವಾದರೆ ಬೇರೆ ಪೋರ್ಟಿಗೆ ಹಾಕಿ. 58 ಎಂದಿಗೂ ಸೊನ್ನೆಗೆ ಇಳಿಯುವುದಿಲ್ಲ. ಅದು 58ರಲ್ಲೇ ನಿಂತರೆ ಕೇಬಲ್‌ನ ಕಥೆ ಮುಗಿಯಿತು. ಆಮೇಲೆ ಮೊದಲು ಮುಖ್ಯ ಫೋಲ್ಡರ್‌ಗಳನ್ನು, ನಂತರ ಉಳಿದದ್ದನ್ನು ಬೇರೆ ಡಿಸ್ಕಿಗೆ ನಕಲು ಮಾಡಿ.

ಉತ್ತರ 2
ನಕಲು ನಡುವೆ ಸಿಕ್ಕಿಕೊಂಡರೆ ಲಿನಕ್ಸ್‌ನಲ್ಲಿ ಕೆಟ್ಟ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಬಳಸಿ. ಮೊದಲ ಸುತ್ತಿಗೆ ‘-ಎನ್’ ಕೊಟ್ಟರೆ ಕೆಟ್ಟ ಜಾಗವನ್ನು ಕೆದಕದೆ ದಾಟಿ, ಓದಲು ಬರುವುದನ್ನೆಲ್ಲ ಎತ್ತಿಕೊಳ್ಳುತ್ತದೆ. ಎರಡನೇ ಸುತ್ತಿಗೆ ‘-ಡಿ -ಆರ್3’, ಅಂದರೆ ನೇರವಾಗಿ ಡಿಸ್ಕಿನಿಂದಲೇ ಓದಿ, ಬಿಟ್ಟ ಜಾಗಕ್ಕೆ ಇನ್ನೂ ಮೂರು ಪ್ರಯತ್ನ. ಯಾವ ಜಾಗ ಓದಿ ಆಯಿತು ಎಂದು ಬರೆದಿಡುವ ಮ್ಯಾಪ್ ಫೈಲ್ ಎರಡೂ ಸಲ ಅದೇ ಕೊಡಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಶುರು. ಆ ಫೈಲನ್ನು ಕೆಟ್ಟ ಡಿಸ್ಕಿನಲ್ಲಿ ಇಡಬೇಡಿ.

ಮೂಲ ಮೊದಲು, ಗುರಿ ಆಮೇಲೆ. ಇದು ಅದಲುಬದಲಾದರೆ ಇದ್ದದ್ದೂ ಹೋಗುತ್ತದೆ. ಲಿನಕ್ಸ್ ಡಿಸ್ಕುಗಳಿಗೆ ಇಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ರೀಬೂಟ್ ಆದಾಗ ಬದಲಾಗಬಹುದು, ಡಿಸ್ಕಿನ ಸೀರಿಯಲ್ ಸಂಖ್ಯೆ ನೋಡಿಯೇ ಎಂಟರ್ ಒತ್ತಿ.

ಮರುಪ್ರಶ್ನೆ
ಕೇಬಲ್ ಬದಲಿಸಿದೆ, ಸಿ7 ಈಗಲೂ 58. ನಕಲೂ ಆಯಿತು, ಎರಡು ಫೈಲ್ ಮಾತ್ರ ಹೋದವು. ಡಿಸ್ಕನ್ನು ಈಗ ಯುಎಸ್‌ಬಿ ಕೇಸಿಗೆ ಹಾಕಿದ್ದೇನೆ. ಸ್ಮಾರ್ಟ್‌ಸಿಟಿಎಲ್ ಏನೂ ತೋರಿಸಲಿಲ್ಲ, ‘-ಡಿ ಸ್ಯಾಟ್’ (ಯುಎಸ್‌ಬಿ ಮೂಲಕ ಸಾಟಾ ಆಜ್ಞೆ ಕಳಿಸುವ ಆಯ್ಕೆ) ಸೇರಿಸಿದ ಮೇಲೆ ತೋರಿಸಿತು. ಆದರೆ ಡಿಸ್ಕ್ ತನ್ನನ್ನು ಪೂರ್ತಿ ಓದಿ ನೋಡುವ ಲಾಂಗ್ ಟೆಸ್ಟ್ ಪ್ರತಿ ಸಲ ‘ಅಬಾರ್ಟೆಡ್ ಬೈ ಹೋಸ್ಟ್’ ಎಂದು ನಿಲ್ಲುತ್ತದೆ.

ಉತ್ತರ 1
ಅದು ಡಿಸ್ಕಿನ ದೋಷವಲ್ಲ. ಪರೀಕ್ಷೆ ಡಿಸ್ಕಿನ ಒಳಗೇ ನಡೆಯುವುದರಿಂದ ಯುಎಸ್‌ಬಿ ದಾರಿಯಲ್ಲಿ ಯಾವ ಓಡಾಟವೂ ಇರುವುದಿಲ್ಲ. ಡಿಸ್ಕ್ ಸುಮ್ಮನಿದೆ ಎಂದುಕೊಂಡು ಕೇಸ್ ಅದನ್ನು ಮಲಗಿಸುತ್ತದೆ. ಮತ್ತೆ ಸಾಟಾಗೇ ಹಾಕಿ, ಕಂಪ್ಯೂಟರಿನ ಸ್ಲೀಪ್ ಆಫ್ ಮಾಡಿ ಬಿಡಿ. 2 ಟಿಬಿಗೆ ನಾಲ್ಕು ಗಂಟೆಯಾದರೂ ಬೇಕು. ಎರಡು ನಿಮಿಷದ ಶಾರ್ಟ್ ಟೆಸ್ಟ್ ಇಡೀ ತಟ್ಟೆಯನ್ನು ಓದುವುದಿಲ್ಲ, ಇಲ್ಲಿ ಅದರಿಂದ ಉಪಯೋಗವಿಲ್ಲ.

‘ರೀಡ್ ಫೇಲ್ಯೂರ್’ ಬಂದರೆ ವಿಂಡೋಸ್‌ನಲ್ಲಿ ಕ್ವಿಕ್ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಹೊಸದಾಗಿ ಬರೆದಾಗಲೇ ಡಿಸ್ಕ್ ತೀರ್ಮಾನಕ್ಕೆ ಬರುವುದು. ಬರೆದದ್ದು ನಿಂತರೆ ಸಿ5 ಇಳಿಯುತ್ತದೆ, ನಿಲ್ಲದಿದ್ದರೆ ಆ ಜಾಗವನ್ನು ಬಿಟ್ಟು ಮೀಸಲು ಸೆಕ್ಟರ್ ತೆಗೆದುಕೊಂಡು 05 ಏರುತ್ತದೆ.

ಮರುಪ್ರಶ್ನೆ
ಫಾರ್ಮ್ಯಾಟ್ ಆದ ಮೇಲೆ ಸಿ5 0, 05 8. ಲಾಂಗ್ ಟೆಸ್ಟ್ ತಪ್ಪಿಲ್ಲದೆ ಮುಗಿಯಿತು. ಇನ್ನು ಬಳಸಬಹುದೇ?

ಉತ್ತರ 2
ಬೇರೆಡೆ ನಕಲಿರುವ ವಿಷಯಕ್ಕೆ ಬಳಸಿ, ಒಂದೇ ಪ್ರತಿ ಇರುವ ಫೋಟೋಗಳನ್ನು ದಯವಿಟ್ಟು ಇಡಬೇಡಿ. ಲಿನಕ್ಸ್‌ನಲ್ಲಿ ಡಿಸ್ಕಿನ ಮೇಲೆ ಕಣ್ಣಿಡುವ ಸ್ಮಾರ್ಟ್‌ಡಿ ಸೇವೆ ಚಾಲೂ ಮಾಡಿ, ವಾರಕ್ಕೊಂದು ಲಾಂಗ್ ಟೆಸ್ಟ್ ಹೊಂದಿಸಿ. 05 ಎಂಟರಲ್ಲೇ ನಿಂತಿದ್ದರೆ ಸರಿ. ಹತ್ತು ದಿನದಲ್ಲಿ 8 ಹೋಗಿ 24 ಆದರೆ ಆ ದಿನವೇ ತೆಗೆಯಿರಿ. ಹೊಸ ಡಿಸ್ಕಿನಲ್ಲಿ ಎಲ್ಲವೂ ಸೊನ್ನೆ ಇದ್ದರೂ ಬ್ಯಾಕಪ್ ಬಿಡಬೇಡಿ: 2007ರಲ್ಲಿ ಗೂಗಲ್ ಪ್ರಕಟಿಸಿದ ಅಧ್ಯಯನದಲ್ಲಿ ಕೆಟ್ಟುಹೋದ ಡಿಸ್ಕುಗಳ ಪೈಕಿ ಶೇ. 56ಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ.