'ಜ್ಯುಲ್ಟ್ಸೆ ಉನ್‌ರೂಎನ್': ಗಲಭೆಯೋ, ದಂಗೆಯೋ, ದೊಂಬಿಯೋ?

ಗೆಳೆಯರೇ,

1919ರ ಹ್ಯಾಂಬರ್ಗ್ ಬಗ್ಗೆ ಒಂದು ಬರಹವನ್ನು ಜರ್ಮನ್‌ನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಆಗ ಅಲ್ಲಿ ನಡೆದ ಒಂದು ಘಟನೆಯ ಹೆಸರು 'ಜ್ಯುಲ್ಟ್ಸೆ ಉನ್‌ರೂಎನ್', ಅಲ್ಲಿ ಎರಡು ದಿನದಿಂದ ಸಿಕ್ಕಿಬಿದ್ದಿದ್ದೇನೆ.

'ಜ್ಯುಲ್ಟ್ಸೆ' ತಿನ್ನುವ ವಸ್ತು. ತಲೆಮಾಂಸ ಬೇಯಿಸಿ ಗಟ್ಟಿಕಟ್ಟಿಸಿದ್ದು. ಕಾಲುಸೂಪು ಆರಿದ ಮೇಲೆ ಹೆಪ್ಪುಗಟ್ಟುತ್ತಲ್ಲ, ಹಾಗೆ. ಅದಕ್ಕೆ ಹೊಸ ಹೆಸರು ಕಟ್ಟುವ ಆಸೆ ನನಗಿಲ್ಲ. ತೊಡಕಿರುವುದು ಇನ್ನೊಂದರಲ್ಲಿ. 'ರೂಎ' ಅಂದರೆ ಸದ್ದಿಲ್ಲದ ನೆಮ್ಮದಿ. ಅದು ಕೆಟ್ಟರೆ 'ಉನ್‌ರೂಎ'.

ನಡೆದದ್ದು ಇಷ್ಟು. ಯುದ್ಧ ನಿಂತು ಏಳು ತಿಂಗಳಾದರೂ ಎಲ್ಬೆ ದಂಡೆಯ ಆ ಬಂದರಿನಲ್ಲಿ ಹಸಿವು ಹೋಗಿರಲಿಲ್ಲ. ಕಡಲ ದಿಗ್ಬಂಧನ ಇನ್ನೂ ಇತ್ತು. ನವೆಂಬರಿನಲ್ಲಿ ಕಾರ್ಮಿಕರ, ಸೈನಿಕರ ಮಂಡಳಿ ಅಧಿಕಾರ ಹಿಡಿದಿತ್ತು. ಮಾರ್ಚಿನಲ್ಲಿ ಹೆಂಗಸರೂ ಓಟು ಹಾಕಿ ಹೊಸ ಶಾಸನಸಭೆ ಆರಿಸಿದ್ದರು. ಜೂನ್ 23ರಂದು ಯಾಕೋಬ್ ಹೈಲ್ ಎಂಬವನ ಮಾಂಸದ ಕಾರ್ಖಾನೆ ಮುಂದೆ ಪೀಪಾಯಿ ಒಡೆದು ಕೊಳೆತ ಸರಕು ಬೀದಿಗೆ ಚೆಲ್ಲಿತು. ಇಂಥದ್ದರಿಂದಲೇ ಜ್ಯುಲ್ಟ್ಸೆ ಮಾಡುತ್ತಾನೆಂದು ಸಿಟ್ಟಿಗೆದ್ದ ಜನ ಅವನನ್ನು ಎಳೆದೊಯ್ದು ಆಲ್ಸ್ಟರ್ ನದಿಗೆ ಎಸೆದರು. ಅಲ್ಲಿಗೇ ಮುಗಿದಿದ್ದರೆ ಸುಮ್ನೆ 'ಗಲಾಟೆ' ಎಂದು ಬರೆದು ಮುಂದೆ ಹೋಗುತ್ತಿದ್ದೆ. ಆದರೆ ಪುರಭವನದ ಸುತ್ತ ಗುಂಡು ಹಾರಿತು, ಹತ್ತಾರು ಜನ ಸತ್ತರು. ಜುಲೈ 1ಕ್ಕೆ ಜನರಲ್ ಲೆಟ್ಟೋ-ಫೋರ್ಬೆಕ್ ಸೇನೆ ತಂದು ಊರನ್ನೇ ಹಿಡಿದ. (1914ರಲ್ಲಿ ಆಫ್ರಿಕಾದ ಟಾಂಗಾದಲ್ಲಿ ನಮ್ಮ ಸಿಪಾಯಿಗಳನ್ನು ಸೋಲಿಸಿದವನು ಇವನೇ.) ಹೈಲ್‌ಗೆ ಆದದ್ದು ಮೂರು ತಿಂಗಳ ಸಜೆ, ಸಾವಿರ ಮಾರ್ಕ್ ದಂಡ.

'ದೊಂಬಿ' ಎಂದರೆ ಎಫ್‌ಐಆರ್ ಓದಿದ ಹಾಗಾಗುತ್ತದೆ, ತಪ್ಪೆಲ್ಲ ಜನರದ್ದೇ ಎಂದು ಮೊದಲೇ ತೀರ್ಮಾನವಾದಂತೆ. 'ದಂಗೆ'ಯಲ್ಲಿ ಆಳುವವರ ಮೇಲೆ ತಿರುಗಿಬೀಳುವ ಅರ್ಥ ಜಾಸ್ತಿ. 'ಬಂಡಾಯ' ಎಂದರೆ ನರಗುಂದ ಕಣ್ಣ ಮುಂದೆ ಬರುತ್ತದೆ, ಅದಕ್ಕೊಬ್ಬ ಮುಂದಾಳು ಬೇಕು. ಇಲ್ಲಿ ಶುರುವಿಗೆ ಇದ್ದದ್ದು ಹಸಿದ ಹೊಟ್ಟೆ, ಕೊಳೆತ ನಾತ.

ನಮ್ಮಲ್ಲೂ 1837ರಲ್ಲಿ ಬ್ರಿಟಿಷರ ವಿರುದ್ಧ ಸುಳ್ಯದಿಂದ ಮಂಗಳೂರಿನ ತನಕ ಬಂದವರದ್ದು ಒಂದು ಕಾಲಕ್ಕೆ 'ಕಲ್ಯಾಣಪ್ಪನ ಕಾಟಕಾಯಿ', ಲೂಟಿಯ ಅರ್ಥದಲ್ಲಿ. ಈಗ ಅದೇ 'ಅಮರ ಸುಳ್ಯ ದಂಗೆ', ಕೆಲವರಿಗೆ 'ಸ್ವಾತಂತ್ರ್ಯ ಸಮರ'. ಹೆಸರಿಟ್ಟವರು ಯಾರು ಎಂಬುದರ ಮೇಲೆ ಹೋಗುತ್ತದೆ, ಅಲ್ವಾ? ಜರ್ಮನ್ ಪದ ಅಷ್ಟಾಗಿ ಯಾರ ಕಡೆಗೂ ವಾಲುವುದಿಲ್ಲ, ಅದೇ ನನಗೆ ಬೇಕಿರುವುದು.

ಸದ್ಯಕ್ಕೆ 'ಜ್ಯುಲ್ಟ್ಸೆ ಗಲಭೆ' ಎಂದು ಇಟ್ಟಿದ್ದೇನೆ. ಆದರೆ 'ಗಲಭೆ' ಎಂದ ಕೂಡಲೇ ಓದುಗರ ತಲೆಗೆ ಬರುವುದು ಕೋಮುಗಲಭೆ. ನಿಮ್ಮ ಕಡೆ 'ಹುಯಿಲು' ಈಗಲೂ ಬಾಯಲ್ಲಿದೆಯೇ? ಗುಂಡೇಟು, ಸಾವು ನಡೆದಲ್ಲೂ ಆ ಪದ ನಿಲ್ಲುತ್ತದೆಯೇ?